ಮಾನವ ಹಕ್ಕು ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್: ಎಂಟು ವಾರದಲ್ಲಿ ಏನು ಮಾಡಬೇಕು, ಎಲ್ಲಿ ಎಡವುತ್ತಾರೆ

ಮೊದಲು ಅವಧಿಯ ಮಾತು. ನಾಲ್ಕು ವಾರಕ್ಕೆ ಬಂದವರು ಜೆರಾಕ್ಸ್ ಮಾಡಿಸಿ, ಎರಡು ಸಭೆಯಲ್ಲಿ ಕೂತು, ಪ್ರಮಾಣಪತ್ರ ಹಿಡಿದು ಹೋಗುತ್ತಾರೆ. ಅದು ಅವರ ತಪ್ಪಲ್ಲ. ಮಾಹಿತಿ ಹಕ್ಕು ಅರ್ಜಿಗೆ ಉತ್ತರಿಸಲು ಕಾನೂನೇ 30 ದಿನ ಕೊಟ್ಟಿದೆ, ಸಂಶೋಧನೆ ನಿಂತಿರುವುದು ಆ ಉತ್ತರಗಳ ಮೇಲೆ. ಕನಿಷ್ಠ ಎಂಟು ವಾರ ಕೇಳಿ.

ಸಂಸ್ಥೆಗಳೆಲ್ಲ ಒಂದೇ ಥರ ಇರುವುದಿಲ್ಲ. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿದ್ಯಾರ್ಥಿಗಳಿಗಾಗಿಯೇ ಇಂಟರ್ನ್‌ಶಿಪ್ ನಡೆಸುತ್ತದೆ; ಅಲ್ಲಿ ಉಪನ್ಯಾಸ, ಭೇಟಿಗಳ ಪಾಲು ಹೆಚ್ಚು. ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್) ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಸದಸ್ಯರ ಸಂಘಟನೆ, ಅದರ ಸತ್ಯಶೋಧನೆ ಬಹುಮಟ್ಟಿಗೆ ಸ್ವಯಂಸೇವಕರ ಕೆಲಸ. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ವಕೀಲರು ಸೇರಿ ಕಟ್ಟಿದ್ದು. ಎಲ್ಲಿಗೇ ಹೋದರೂ ಸೇರುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ: ಸ್ಟೈಪೆಂಡ್ ಇದೆಯೇ, ಊರೂರು ಸುತ್ತುವ ಖರ್ಚು ಯಾರದ್ದು, ನಿಮ್ಮ ಬರಹವನ್ನು ದಿನವೂ ನೋಡುವವರು ಯಾರು.

ಅರ್ಜಿಯಲ್ಲಿ "ಸಮಾಜಸೇವೆಯ ತುಡಿತ" ಎಂದು ಬರೆದರೆ ಯಾರೂ ಓದುವುದಿಲ್ಲ. ಪ್ರತಿ ಮಾತಿಗೂ ಅಡಿಟಿಪ್ಪಣಿಯಲ್ಲಿ ಆಧಾರವಿರುವ ಎರಡು ಪುಟದ ಬರಹ ಲಗತ್ತಿಸಿ. ಕೈಬರಹದ ಕನ್ನಡ ಮಹಜರನ್ನು (ಪೊಲೀಸರು ಸ್ಥಳ ನೋಡಿ ಬರೆಯುವ ದಾಖಲೆ) ಸರಾಗವಾಗಿ ಓದಬಲ್ಲಿರಾದರೆ ಅದನ್ನು ಮೊದಲ ಸಾಲಲ್ಲೇ ಹೇಳಿ. ಒಳ್ಳೆಯ ಕಾನೂನು ಕಾಲೇಜಿನಿಂದ ಬಂದವರೂ "ಪಿರ್ಯಾದಿ" (ದೂರುದಾರ), "ಪಂಚರು" (ಮಹಜರಿನ ಸಾಕ್ಷಿಗಳು), "ಷರಾ" (ಅಧಿಕಾರಿಯ ಟಿಪ್ಪಣಿ) ನೋಡಿ ತಡವರಿಸುವುದುಂಟು.

ಮುಂದಿನದ್ದನ್ನು ಒಂದು ವಿಷಯ ಹಿಡಿದೇ ಹೇಳುತ್ತೇವೆ: ಮ್ಯಾನ್‌ಹೋಲ್ ಮತ್ತು ಸೆಪ್ಟಿಕ್ ಟ್ಯಾಂಕ್ ಸಾವುಗಳು. ಮೊದಲ ಎರಡು ದಿನ ಕಾನೂನು ಓದಿ. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ (ಕೈಯಿಂದ ಮಲ ಬಳಿಯುವವರ) ನೇಮಕಾತಿ ನಿಷೇಧಿಸುವ 2013ರ ಕಾಯ್ದೆಯ 7 (ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಶುಚಿ ಕೆಲಸಕ್ಕೆ ನಿಷೇಧ) ಮತ್ತು 9ನೇ (ಅದಕ್ಕೆ ಶಿಕ್ಷೆ) ಕಲಂ ಮುಖ್ಯ. 1993ರಿಂದ ಈಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಾವ ಸಾವಿಗೆ ಎಷ್ಟು ಸಿಕ್ಕಿದೆ ಎಂದು ಅಳೆಯುವ ಕೋಲು ಇದೇ.

ಮೂರನೇ ದಿನವೇ ಮಾಹಿತಿ ಹಕ್ಕು ಅರ್ಜಿ ಹೋಗಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೀರಿದರೆ ಅದೇ ನೆಪವಾಗಿ ಅರ್ಜಿ ವಾಪಸು ಬರುತ್ತದೆ. "ಎಫ್‌ಐಆರ್ ಏಕೆ ದಾಖಲಿಸಿಲ್ಲ?" ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ವಿವರಣೆ ಎಂದು ಬರೆದು ಕಳಿಸುತ್ತಾರೆ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಪರಿಹಾರ ಮಂಜೂರಾತಿ ಆದೇಶಗಳ ದೃಢೀಕೃತ ನಕಲು ಕೊಡಿ ಎಂದು ಕೇಳಿ. ತನಿಖೆ ನಡೆಯುತ್ತಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ ಹಾಕಿ ನಿರಾಕರಿಸಿದರೆ, ಮಾಹಿತಿ ಕೊಡುವುದು ತನಿಖೆಗೆ ಹೇಗೆ ಅಡ್ಡಿ ಎಂದು ಅಧಿಕಾರಿಯೇ ತೋರಿಸಬೇಕೆಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿದ್ದನ್ನು ಮೇಲ್ಮನವಿಯಲ್ಲಿ ಬರೆಯಿರಿ. ಅರ್ಜಿ ಮಾತ್ರ ನಿಮ್ಮ ಹೆಸರಲ್ಲಿ ಬೇಡ, ಕಾಯಂ ಸಿಬ್ಬಂದಿಯ ಹೆಸರಲ್ಲಿ ಹಾಕಿಸಿ. ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ. ಅಷ್ಟರಲ್ಲಿ ನೀವು ಕಾಲೇಜಿನಲ್ಲಿರುತ್ತೀರಿ.

ಉತ್ತರ ಬರುವ ತನಕ ಪತ್ರಿಕಾ ವರದಿಗಳಿಂದ ಕೋಷ್ಟಕ ಕಟ್ಟಬೇಕು. ತಪ್ಪುಗಳು ಹುಟ್ಟುವುದೇ ಇಲ್ಲಿ. ಒಂದು ಸಾಲು ಎಂದರೆ ಒಬ್ಬ ವ್ಯಕ್ತಿ, ಒಂದು ಘಟನೆಯಲ್ಲ. ಇಬ್ಬರು ಸತ್ತಿದ್ದರೆ ಎರಡು ಸಾಲು, ಘಟನೆಯ ಸಂಖ್ಯೆ ಒಂದೇ. ಘಟನೆಯ ದಿನ ಬೇರೆ, ಸಾವಿನ ದಿನ ಬೇರೆ ಕಾಲಂ. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡವರನ್ನು ಎರಡು ಪತ್ರಿಕೆಗಳು ಎರಡು ಘಟನೆಯಂತೆ ಬರೆದಿರುತ್ತವೆ, ನೀವೂ ಇಬ್ಬರೆಂದು ಎಣಿಸುತ್ತೀರಿ. ಒಳಗೆ ಸಿಕ್ಕಿಕೊಂಡವರನ್ನು ಎತ್ತಲು ಇಳಿದು ಸತ್ತವರು "ಕಾರ್ಮಿಕ" ಅಲ್ಲ ಎಂದು ಬಿಟ್ಟುಬಿಡಬೇಡಿ, ಗುರುತು ಹಾಕಿ ಇಡಿ. ಕೋಷ್ಟಕದ ಯಾವ ಮನೆಯನ್ನೂ ಖಾಲಿ ಬಿಡಲೇಬಾರದು: ಪರಿಹಾರ "ಸಿಕ್ಕಿಲ್ಲ" ಎನ್ನುವುದಕ್ಕೂ "ಗೊತ್ತಾಗಿಲ್ಲ" ಎನ್ನುವುದಕ್ಕೂ ಅಜಗಜಾಂತರ. ಹೆಸರು ನೋಡಿ ಜಾತಿ ಊಹಿಸಿ ತುಂಬುವುದು ಇನ್ನೊಂದು ಚಾಳಿ. ಕುಟುಂಬದವರು ಹೇಳಬೇಕು, ಇಲ್ಲವೇ ದಾಖಲೆ ಹೇಳಬೇಕು.

ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಸಿಗದಿದ್ದರೆ "ಪ್ರಕರಣವೇ ಇಲ್ಲ" ಎಂದು ಬರೆಯಬೇಡಿ. ಅಸ್ವಾಭಾವಿಕ ಸಾವು, ಅಂದರೆ ಯು.ಡಿ.ಆರ್. ಎಂದು ದಾಖಲಾಗಿರಬಹುದು. ಹಾಗಾಗಿದ್ದರೆ ನಿಮ್ಮ ವರದಿಯ ಮುಖ್ಯ ಅಂಶ ಅದೇ ಆಗಬಹುದು, ಏಕೆಂದರೆ ಆಗ 2013ರ ಕಾಯ್ದೆಯ ಕಲಂ ಕಾಗದದ ಮೇಲೆ ಎಲ್ಲೂ ಬಂದಿರುವುದಿಲ್ಲ.

ಸತ್ತವರ ಮನೆಗೆ ಹೋಗುವಾಗ ಇಬ್ಬರೇ ಸಾಕು, ಒಬ್ಬರು ಮಾತಾಡಲು, ಒಬ್ಬರು ಬರೆದುಕೊಳ್ಳಲು. ಬೇರೆ ಸಂಘಟನೆಯವರು ಆಗಲೇ ಹೇಳಿಕೆ ಪಡೆದಿದ್ದಾರಾ ವಿಚಾರಿಸಿ. ಅದೇ ಸಂಕಟವನ್ನು ಐದನೇ ಸಲ ಹೇಳಿಸುವುದು ಸಂಶೋಧನೆಯಲ್ಲ. ಒಪ್ಪಿಗೆ ಮೂರು ಸಲ ಬೇರೆಬೇರೆಯಾಗಿ ಬೇಕು: ಮಾತಾಡಲು, ರೆಕಾರ್ಡ್ ಮಾಡಲು, ಹೆಸರು ಹಾಕಲು. "ಪರಿಹಾರ ಕೊಡಿಸ್ತೀರಾ?" ಎಂದು ಕೇಳಿಯೇ ಕೇಳುತ್ತಾರೆ. "ಅದು ನಮ್ಮ ಕೈಲಿಲ್ಲಮ್ಮ, ವರದಿ ಬರೀತೀವಿ, ವಕೀಲರ ಹತ್ರ ಮಾತಾಡಿಸ್ತೀವಿ" ಎನ್ನುವುದಷ್ಟೇ ಸತ್ಯ. ಸಾವಿನಿಂದ ಶುರು ಮಾಡದೆ, ಆವತ್ತು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆಯಿಂದ ಹೊರಟರು, ಕರೆದವರು ಯಾರು ಎಂಬಲ್ಲಿಂದ ಶುರು ಮಾಡಿ. ಉತ್ತರವನ್ನು ಬಾಯಿಗೆ ತುರುಕಬೇಡಿ: "ಗ್ಯಾಸ್ ವಾಸನೆ ಬಂತಾ?" ಅಲ್ಲ, "ಮುಚ್ಚಳ ತೆಗೆದಾಗ ಏನಾಯ್ತು?" ವಾಸನೆ ಇರಲಿಲ್ಲ ಎಂದರೆ ಅನಿಲ ಇರಲಿಲ್ಲ ಎಂದೂ ಅಲ್ಲ, ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಏರಿದಾಗ ಮೂಗನ್ನೇ ಮರಗಟ್ಟಿಸುತ್ತದೆ. ಅವರ ಆಡುಮಾತನ್ನು ಗ್ರಾಂಥಿಕಕ್ಕೆ ತಿದ್ದದೆ ಹಾಗೇ ಬರೆದುಕೊಳ್ಳಿ. ಟಿಪ್ಪಣಿಯನ್ನು 24 ಗಂಟೆಯೊಳಗೆ ಪೂರ್ತಿ ಮಾಡಿ.

ದಾಖಲೆಗಳ ಫೋಟೋ ತೆಗೆಯುವಾಗ ಹಿಂಬದಿಯನ್ನೂ ತೆಗೆಯಿರಿ, ಮೊಹರು ಅಲ್ಲೇ ಇರುವುದುಂಟು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕ, ಸ್ಥಳದ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಕೇಬಲ್ ಹಾಕಿ. ಮೂಲ ಕಡತ ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ಮೂಲದ ಎಸ್‌ಎಚ್‌ಎ-256 ಹ್ಯಾಶ್ (ಕಡತ ಬದಲಾಗಿಲ್ಲ ಎಂದು ತೋರಿಸುವ, ಅದರ ಬೆರಳಚ್ಚಿನಂಥ ಅಕ್ಷರ-ಅಂಕಿಗಳ ಸಾಲು) ತೆಗೆದು ಬರೆದಿಡಿ. ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಮುಂದೆ ಅದನ್ನು ಕೇಳುತ್ತದೆ. ಕೋಷ್ಟಕದಲ್ಲಿ ಹೆಸರಿನ ಬದಲು ಸಂಕೇತ ಹಾಕಿ, ಯಾವ ಸಂಕೇತ ಯಾರದ್ದು ಎಂಬ ಪಟ್ಟಿಯನ್ನು ಪಾಸ್‌ವರ್ಡ್ ಹಾಕಿ ಬೇರೆಡೆ ಇಡಿ. ಮರಣೋತ್ತರ ಪರೀಕ್ಷೆಯ ಚಿತ್ರಗಳನ್ನು ಕಪ್ಪುಬಿಳುಪಿಗೆ ತಿರುಗಿಸಿಕೊಂಡು ನೋಡಿ, ರಾತ್ರಿ ಮನೆಯಲ್ಲಿ ಒಬ್ಬರೇ ಕೂತು ಬೇಡ.

ಕರಡು ಬರೆಯುವಾಗ ಪ್ರತಿ ವಾಕ್ಯಕ್ಕೂ ಆಧಾರ ಯಾವುದು ಎಂದು ಅಂಚಿನಲ್ಲಿ ಗುರುತಿಸಿ. ಆಧಾರವಿಲ್ಲದ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ಹೋಗಬೇಕು. ಗುತ್ತಿಗೆದಾರ, ಪಾಲಿಕೆ ಇಬ್ಬರಿಗೂ ಪ್ರಕಟಣೆಗೆ ಮುಂಚೆ ಪ್ರಶ್ನೆ ಕಳಿಸಿ, ಉತ್ತರಿಸಲು ಸಮಯ ಕೊಡಿ. ಘಟನೆ ಹತ್ತು ತಿಂಗಳು ಹಳೆಯದಾಗಿದ್ದರೆ ಕೂಡಲೇ ಮೇಲಿನವರ ಗಮನಕ್ಕೆ ತನ್ನಿ: ಒಂದು ವರ್ಷ ದಾಟಿದರೆ ಮಾನವ ಹಕ್ಕು ಆಯೋಗ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ರಾಜ್ಯ ಆಯೋಗದಲ್ಲಿ ಆಗಲೇ ದೂರು ಬಾಕಿ ಇದ್ದರೆ ರಾಷ್ಟ್ರೀಯ ಆಯೋಗಕ್ಕೂ ಅದರಲ್ಲಿ ಕೈಹಾಕಲು ಬರುವುದಿಲ್ಲ.

ಕೊನೆಯ ಎರಡು ದಿನ ಹೊಸದೇನೂ ಬರೆಯಬೇಡಿ. ಯಾವ ಅರ್ಜಿ ಯಾವ ಕಚೇರಿಯಲ್ಲಿದೆ, ಸ್ವೀಕೃತಿ ಸಂಖ್ಯೆ ಏನು, ಯಾವ ಕುಟುಂಬಕ್ಕೆ ವರದಿಯ ಪ್ರತಿ ತಲುಪಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಮೇಲ್ಮನವಿಯ ಕಡೆಯ ದಿನಾಂಕಗಳನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲೂ ಕೆಂಪು ಪೆನ್ನಿನಿಂದ ಗುರುತು ಮಾಡಿ ಹೋಗಿ.