ಅರ್ಧ ಪಗಾರ, ಅದೂ ಯಾವಾಗಲೋ

2019ರಲ್ಲಿ ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷಿನ್ (ಕಂಪ್ಯೂಟರಿನಿಂದ ನಡೆಯುವ ಮಷಿನ್) ನಡೆಸುತ್ತಿದ್ದೆ. ಕಾರಿನ ಬಿಡಿಭಾಗ ಮಾಡಿ, ಕಾರು ಕಾರ್ಖಾನೆಗಳಿರುವ ಚಾಕಣದ ಕಡೆ ಕಳಿಸೋದು ನಮ್ಮ ಕೆಲಸ. ಆ ವರ್ಷ ಗಾಡಿಗಳ ಮಾರಾಟ ಬಿದ್ದುಹೋಯಿತು. ಜುಲೈ ತಿಂಗಳಲ್ಲಿ ದೇಶದ ಪ್ರಯಾಣಿಕ ವಾಹನ ಮಾರಾಟ ಹಿಂದಿನ ವರ್ಷಕ್ಕಿಂತ ಸುಮಾರು ಶೇ 31ರಷ್ಟು ಕಡಿಮೆಯಾಗಿತ್ತು. ಅಲ್ಲಿ ಲೈನ್ ನಿಂತಿತು ಅಂದರೆ ಇಲ್ಲಿ ನಮ್ಮ ಮಷಿನ್ ನಿಂತಿತು ಅಂತಲೇ. ಆಗಸ್ಟ್‌ನಲ್ಲಿ ನೋಟಿಸ್ ಬೋರ್ಡಿಗೆ ಮರಾಠಿಯಲ್ಲಿ ಒಂದು ಹಾಳೆ ಅಂಟಿಸಿದರು. ಮುಂದಿನ ಸೂಚನೆವರೆಗೆ ಲೇ-ಆಫ್. ಕೆಲಸದಿಂದ ತೆಗೆದಿಲ್ಲ, ಕೆಲಸ ಕೊಡೋದೂ ಇಲ್ಲ.

ಅಷ್ಟರಲ್ಲಿ ಪಗಾರ ತಡವಾಗೋದು ಶುರುವಾಗಿತ್ತು. ನಮ್ಮದು 1,000 ಜನಕ್ಕಿಂತ ಕಡಿಮೆ ಇದ್ದ ಕಾರ್ಖಾನೆ. ಆಗಿನ ಕಾನೂನಿನ ಪ್ರಕಾರ 7ನೇ ತಾರೀಖಿನೊಳಗೆ ದುಡ್ಡು ಬರಬೇಕು. ಬರುತ್ತಿದ್ದದ್ದು 20ಕ್ಕೋ, 28ಕ್ಕೋ. ಕೇಳಿದರೆ, ಮೇಲಿನ ಕಂಪನಿಯಿಂದ ಬಿಲ್ ಪಾಸಾಗಿಲ್ಲ ಅನ್ನುತ್ತಿದ್ದರು. ಅದು ನಿಜವೇ ಇರಬಹುದು. ಆದರೆ ಮನೆ ಮಾಲೀಕನಿಗೆ ಆ ಬಿಲ್ ತೋರಿಸಿ ಬಾಡಿಗೆ ಮುಂದೂಡೋಕಾಗುತ್ತಾ?

ಮೊದಲು ಲೆಕ್ಕ. ಲೇ-ಆಫ್ ಅಂದರೆ ಅರ್ಧ ಪಗಾರ ಅಂತ ಎಲ್ಲರೂ ಹೇಳುತ್ತಾರೆ. ಅದು ಕೈಗೆ ಬರುತ್ತಿದ್ದ ಪಗಾರದ ಅರ್ಧ ಅಲ್ಲ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಸಿ ಕಲಮಿನ ಪ್ರಕಾರ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿದ ಮೊತ್ತದ ಶೇ 50. ನನ್ನ ಸ್ಲಿಪ್ಪಿನಲ್ಲಿ ಒಟ್ಟು 19,000 ಇತ್ತು, ಅದರಲ್ಲಿ ಬೇಸಿಕ್ ಮತ್ತು ಡಿಎ 12,000. ಪೂರ್ತಿ ತಿಂಗಳು ಮನೆಯಲ್ಲಿ ಕೂತರೆ ಸಿಗೋದು 6,000, ಅದರಲ್ಲೂ ವಾರದ ರಜೆಗಳನ್ನು ಕಳೆಯುತ್ತಾರೆ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಹಾಜರಾತಿ ಬೋನಸ್, ಓವರ್‌ಟೈಮ್ ಎಲ್ಲ ಹೋಯಿತು. ಇದು ಸಿಗೋದಕ್ಕೂ 50 ಜನಕ್ಕಿಂತ ಕಡಿಮೆ ಇಲ್ಲದ ಕಾರ್ಖಾನೆ ಆಗಿರಬೇಕು, ನಾವು ಒಂದು ವರ್ಷ ಬಿಡದೆ ಕೆಲಸ ಮಾಡಿರಬೇಕು, ಹೆಸರು ಮಸ್ಟರ್‌ನಲ್ಲಿ (ಕಂಪನಿಯ ಹಾಜರಿ ಪಟ್ಟಿಯಲ್ಲಿ) ಇರಬೇಕು. ನಮ್ಮ ಪಕ್ಕದ ಮಷಿನ್‌ನಲ್ಲಿದ್ದ ಗುತ್ತಿಗೆ ಹುಡುಗರ ಹೆಸರು ಕಂಪನಿಯ ಮಸ್ಟರ್‌ನಲ್ಲೇ ಇರಲಿಲ್ಲ. ಅವರಿಗೆ ಕಾಂಟ್ರಾಕ್ಟರ್ ಫೋನ್ ಎತ್ತೋದನ್ನೇ ಬಿಟ್ಟ. ಅದೇ ಕೆಲಸ, ಅದೇ ಎಣ್ಣೆ ಮೆತ್ತಿದ ಕೈ, ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಏನೂ ಇಲ್ಲ.

ಜಾಸ್ತಿ ಜನಕ್ಕೆ ಗೊತ್ತಿರದ ವಿಷಯ ಹಾಜರಿಯದ್ದು. ಲೇ-ಆಫ್ ಇದ್ದರೂ ದಿನಕ್ಕೊಮ್ಮೆ, ಅವರು ಹೇಳಿದ ಹೊತ್ತಿಗೆ, ಗೇಟಿಗೆ ಹೋಗಿ ಹಾಜರಿ ಹಾಕಲೇಬೇಕು. ಹೋಗದ ದಿನದ ಪರಿಹಾರ ಸಿಗಲ್ಲ. ಕಂಪನಿ ಕೂಡ ಲೇ-ಆಫ್ ಕಾಲದಲ್ಲಿ ಹಾಜರಿ ಪುಸ್ತಕ ಇಡಲೇಬೇಕು. ನಾವು ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. ಸೆಕ್ಯುರಿಟಿ ಕೇಬಿನ್ನಿನ ಕಿಟಕಿಯಲ್ಲಿ ಉದ್ದನೆಯ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಸಹಿ ಮಾಡಿ, ಎದುರಿನ ಟಪರಿಯಲ್ಲಿ ಕಟಿಂಗ್ ಚಹಾ ಕುಡಿದು, ಒಂಬತ್ತರವರೆಗೆ ಕಾಯೋದು. ಹಾಜರಾಗಿ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ-ಆಫ್ ಅಂತ ಲೆಕ್ಕ. ಒಮ್ಮೊಮ್ಮೆ ಶಿಫ್ಟಿನ ಎರಡನೇ ಅರ್ಧಕ್ಕೆ ಬನ್ನಿ ಅನ್ನುತ್ತಿದ್ದರು. ಆಗ ಬೆಳಗಿನ ಅರ್ಧ ಮಾತ್ರ ಲೇ-ಆಫ್.

ಊರಿಗೆ ಹೋಗೋಣ, ಇಲ್ಲಿ ಕೂತು ಏನು ಮಾಡೋದು ಅಂತ ಕಲಬುರಗಿ ಕಡೆಯ ಇಬ್ಬರು ಗಾಡಿ ಹತ್ತಿಬಿಟ್ಟರು. ಅವರ ಅಷ್ಟೂ ದಿನದ ದುಡ್ಡು ಹೋಯಿತು. ದಿನಾ ಗೇಟಿಗೆ ಹೋಗುವ ಬಸ್ಸಿನ ಖರ್ಚು ನೋಡಿದರೆ ಸುಮ್ನೆ ಮನೆಯಲ್ಲಿರೋದು ಲಾಭ ಅಂತ ಅನ್ನಿಸುತ್ತೆ. ನಾನು ನಡೆದುಕೊಂಡೇ ಹೋಗುತ್ತಿದ್ದೆ. ಒಂದು ಸಣ್ಣ ಡೈರಿಯಲ್ಲಿ ತಾರೀಖು, ಹೋದ ಹೊತ್ತು, ಕಿಟಕಿಯಲ್ಲಿ ಯಾವ ಸೆಕ್ಯುರಿಟಿ ಇದ್ದ ಅಂತ ಬರೆದಿಡುತ್ತಿದ್ದೆ.

ಇನ್ನೊಂದು ಮಾತು. ಹನ್ನೆರಡು ತಿಂಗಳಲ್ಲಿ 45 ದಿನ ಪರಿಹಾರ ಕೊಟ್ಟಾದ ಮೇಲೆ, ಕಾರ್ಮಿಕರ ಜೊತೆ ಕರಾರು ಇದ್ದರೆ, ಮುಂದಿನ ದಿನಗಳಿಗೆ ಕಂಪನಿ ಕೊಡಬೇಕಿಲ್ಲ. ಹಾಗಾಗಿ ಲೇ-ಆಫ್ ಕಾಲದಲ್ಲಿ ಯಾವ ಕಾಗದಕ್ಕೆ ಸಹಿ ಕೇಳಿದರೂ ಓದಿಸಿಕೊಳ್ಳದೆ ಹಾಕಬೇಡಿ. ನಮ್ಮಲ್ಲಿ ಕೇಳಿದ್ದರು. ಮನೆಗೆ ಒಯ್ದು ಓದಿ ಬರ್ತೀವಿ ಅಂದೆವು, ಆ ಕಾಗದ ಮತ್ತೆ ಹೊರಗೆ ಬರಲಿಲ್ಲ.

ದುಡ್ಡು ಕಡಿಮೆಯಾದರೆ ಖರ್ಚು ಕಡಿಮೆ ಮಾಡಬಹುದು. ತಾರೀಖೇ ಗೊತ್ತಿಲ್ಲದಿದ್ದರೆ ಏನೂ ಮಾಡೋಕಾಗಲ್ಲ. ಅದಕ್ಕೇ ನಾವು ಗೇಟಿನಲ್ಲಿ ಪಗಾರ ಯಾವಾಗ, ಯಾವಾಗ ಅಂತ ಕೇಳೋದನ್ನು ನಿಲ್ಲಿಸಿದೆವು. ಎಲ್ಲರೂ ಸೇರಿ ಒಂದು ಅರ್ಜಿ ಬರೆದೆವು. ಬಾಕಿ ಎಷ್ಟು, ಅದನ್ನು ಯಾವ್ಯಾವ ತಾರೀಖಿಗೆ ಎಷ್ಟೆಷ್ಟು ಕೊಡುತ್ತೀರಿ, ಬರೆದುಕೊಡಿ, ಅಷ್ಟೇ. ಜಗಳದ ಒಂದು ಮಾತೂ ಇರಲಿಲ್ಲ. ಮರಾಠಿ ಚೆನ್ನಾಗಿ ಬರುವ ಸಾತಾರಾ ಕಡೆಯ ಹಿರಿಯರು ಬರೆದರು, ನಕಲಿನ ಮೇಲೆ ಆಫೀಸಿನ ಶಿಕ್ಕಾ ಹಾಕಿಸಿಕೊಂಡೆವು. ಕೆಲವರು ನೇರ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗೋಣ ಅಂದರು. ಆ ದಾರಿ ಇದ್ದೇ ಇತ್ತು, ಪಗಾರದ ಕ್ಲೇಮ್ ಹಾಕೋಕೆ 12 ತಿಂಗಳ ಅವಧಿಯೂ ಇತ್ತು. ಶಿಕ್ಕಾ ಹಾಕಿದ ನಕಲು ಕೈಯಲ್ಲಿದ್ದರೆ ಅಲ್ಲಿಗೆ ಹೋದಾಗಲೂ ಮಾತಿಗೆ ತೂಕ ಬರುತ್ತೆ ಅಂತ ನನ್ನ ಅಭಿಪ್ರಾಯವಾಗಿತ್ತು. ಒಂದು ವಾರದಲ್ಲಿ ತಾರೀಖು ಬರೆದ ಹಾಳೆ ಬಂತು. ಆ ತಾರೀಖುಗಳೂ ಒಂದೆರಡು ದಿನ ಹಿಂದೆಮುಂದೆ ಆದವು, ಆದರೆ ಮನೆ ನಡೆಸೋಕೆ ಅಷ್ಟು ಸಾಕಾಯಿತು.

ಮನೆಯ ಕಡೆಯಲ್ಲೂ ಅದೇ ಕೆಲಸ. ಬೈಕ್ ಲೋನಿನ ಕಂತು 10ಕ್ಕೆ ತಾನಾಗಿ ಕಟ್ ಆಗುತ್ತಿತ್ತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕ್ ಒಂದು ದಂಡ ಹಾಕುತ್ತೆ, ಲೋನ್ ಕೊಟ್ಟವರು ಇನ್ನೊಂದು ಹಾಕುತ್ತಾರೆ. ಸಿಬಿಲ್ (ಸಾಲ ತೀರಿಸುವ ದಾಖಲೆಯ ಅಂಕ) ಕೆಡೋದು ಬೇರೆ. ಹಾಗಾಗಿ ಯಾವ ದುಡ್ಡು ಬಂದರೂ ಮೊದಲು ಒಂದು ಕಂತಿನಷ್ಟು ಆ ಖಾತೆಯಲ್ಲಿ ಹಾಕಿ ಅದರ ಎಟಿಎಂ ಕಾರ್ಡನ್ನು ಹೆಂಡತಿ ಕೈಗೆ ಕೊಟ್ಟುಬಿಟ್ಟೆ. ಎಲ್‌ಐಸಿ ಕಂತು ಮೂರು ತಿಂಗಳಿಗೊಮ್ಮೆಯದು, ಅದಕ್ಕೆ 30 ದಿನ ಗ್ರೇಸ್ ಇರುತ್ತೆ (ತಿಂಗಳ ಕಂತಾದರೆ 15 ದಿನ), ಅದನ್ನು ಹಿಂದಕ್ಕೆ ತಳ್ಳಿದೆ. ಮನೆ ಮಾಲೀಕನಿಗೂ ಕಿರಾಣಿಯವನಿಗೂ ಕಂಪನಿ ಕೊಟ್ಟ ಹಾಳೆಯ ಫೋಟೋವನ್ನೇ ತೋರಿಸಿದೆ. ಬಾಡಿಗೆ ಕೇಳೋಕೆ ಅವರು ಬರುವ ಮುಂಚೆ ನಾನೇ ಹೋಗಿದ್ದೆ. ಅವರು ಕೇಳಿದ ಮೇಲೆ ಹೇಳೋದಕ್ಕೂ ನಾವಾಗಿ ಹೋಗಿ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ? ಕಿರಾಣಿಯವನು ಉದ್ರಿ ಮುಂದುವರಿಸಿದ, ಎಣ್ಣೆ, ಸಕ್ಕರೆ, ಬೇಳೆ ಮಾತ್ರ ಅಂದ. ಬಿಳಿಜೋಳ, ಶೇಂಗಾ ಹೇಗೂ ನಮ್ಮೂರು ಇಂಡಿಯಿಂದ ಅಪ್ಪ ಬಸ್ಸಿಗೆ ಹಾಕಿ ಕಳಿಸಿದ್ದರು.

ಗೇಟಿನಲ್ಲಿ ಕೈಗಡ ಕೊಡುವವರೂ ಸುಳಿದಾಡುತ್ತಿದ್ದರು. ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ಕೇಳೋಕೆ ಸಣ್ಣದು, ವರ್ಷಕ್ಕೆ ಶೇ 60 ಆಗುತ್ತೆ. ಆ ಕಡೆ ತಿರುಗಿಯೂ ನೋಡಲಿಲ್ಲ. ನೋಡದೆ ಇರೋಕಾದದ್ದು ಹೆಂಡತಿಯ ಭಿಶಿಯಿಂದ, ಅಂದರೆ ಚೀಟಿ ಗುಂಪಿನಿಂದ. ನಮ್ಮ ಗಲ್ಲಿಯ ವಿಜಯಪುರ, ಸೊಲ್ಲಾಪುರ ಕಡೆಯ ಹೆಂಗಸರು ಸೇರಿ ನಡೆಸುತ್ತಿದ್ದದ್ದು, ತಲೆಗೆ ತಿಂಗಳಿಗೆ 1,000. ನಮ್ಮ ಚೀಟಿ ಇನ್ನೂ ಎದ್ದಿರಲಿಲ್ಲ. ಆ ತಿಂಗಳು ಚೀಟಿ ಎದ್ದವರು ಮೂಲೆ ಮನೆಯ ಅಕ್ಕ. ಇವಳು ಸಂಕೋಚದಿಂದ ಬಾಯಿ ತೆರೆಯುವ ಮುಂಚೆಯೇ ಅವರು, “ನೀ ತಗೋ ತಂಗಿ, ನನಗ ದೀಪಾವಳಿಗಿ ಬಂದ್ರ ಸಾಕು” ಅಂದರಂತೆ. ಅದರಲ್ಲಿ ಮಗಳ ಶಾಲೆಯ ಫೀಸು, ಒಂದು ತಿಂಗಳ ಬಾಡಿಗೆ ಹೋಯಿತು. ಪಾಟ್ಲಿ (ಚಿನ್ನದ ಬಳೆ) ಒತ್ತೆ ಇಡುವ ಮಾತು ಅಲ್ಲಿಗೆ ನಿಂತಿತು.

ಪುಣೆಯಲ್ಲಿ ಗಣಪತಿ ಬಂತು, ಆ ವರ್ಷ ಸೆಪ್ಟೆಂಬರ್ 2ಕ್ಕೆ. ಹಾಜರಿ ಮುಗಿದ ಮೇಲೆ ಮಂಟಪಗಳಿಗೆ ಲೈಟಿಂಗ್ ಕಟ್ಟುವ ಡೆಕೊರೇಟರ್ ಒಬ್ಬರ ಜೊತೆ ಹೋದೆ. ದಿನಗೂಲಿ, ಸಂಜೆಗೆ ಕೈಗೆ ನಗದು. ಆ ಹೊತ್ತಿನಲ್ಲಿ ಅದರಷ್ಟು ಒಳ್ಳೆಯ ಪಗಾರ ಬೇರೆ ಇಲ್ಲ.

ಪಿಎಫ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡು ತಿಂಗಳು ಅಥವಾ ಜಾಸ್ತಿ ಸತತವಾಗಿ ಪಗಾರ ಬರದಿದ್ದರೆ ನಮ್ಮ ಪಾಲಿನಿಂದ ಅಡ್ವಾನ್ಸ್ ತೆಗೆಯುವ ಅವಕಾಶ ಆಗ ಇತ್ತು, ಯುಎಎನ್‌ಗೆ (ಪಿಎಫ್ ನಂಬರಿಗೆ) ಆಧಾರ್, ಬ್ಯಾಂಕ್ ಖಾತೆ ಜೋಡಿಸಿದ್ದರೆ ಆನ್‌ಲೈನ್‌ನಲ್ಲೇ. ನಾನು ತೆಗೆಯಲಿಲ್ಲ, ಪಾಸ್‌ಬುಕ್ ಮಾತ್ರ ನೋಡುತ್ತಲೇ ಇದ್ದೆ. ಪಗಾರ ತಡ ಮಾಡುವ ಕಂಪನಿ ಪಿಎಫ್ ಕಟ್ಟೋದನ್ನೂ ತಡ ಮಾಡುತ್ತೆ. ಪ್ರತಿ ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ನೋಡಿಕೊಳ್ಳಿ: ಆಗ ಲೇ-ಆಫ್ ದುಡ್ಡಿನ ಮೇಲೂ ಅದನ್ನು ಕಟ್ಟಬೇಕಿತ್ತು. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಆಗ ಆ ಕಾರ್ಡೇ ಗತಿ.

ಈಗ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಷ್ಟೇ ಜನ ಇರಲಿ, ಎಷ್ಟೇ ಪಗಾರ ಇರಲಿ, ತಿಂಗಳ ಪಗಾರದವರಿಗೆ ಮುಂದಿನ ತಿಂಗಳ 7ರೊಳಗೆ ಕೊಡಬೇಕು ಅಂತ ಅದರಲ್ಲಿದೆ. ಲೇ-ಆಫ್‌ಗೆ ಅರ್ಧದ ಲೆಕ್ಕ ಹಾಗೇ ಮುಂದುವರಿದಿದೆ.

ನಮ್ಮ ಬಾಕಿ ದೀಪಾವಳಿಗೆ ಮುಂಚೆ ಬಂತು. ಸ್ಲಿಪ್ ಕೈಗೆ ಬಂದ ಕೂಡಲೇ ಡೈರಿ ತೆಗೆದು ಒಂದೊಂದೇ ತಾರೀಖು ಹೊಂದಿಸಿ ನೋಡಿದೆ. ಮಧ್ಯಾಹ್ನ ಕರೆದು ಕೆಲಸ ಕೊಟ್ಟಿದ್ದ ದಿನಗಳನ್ನೂ ಅವರು ಪೂರ್ತಿ ಲೇ-ಆಫ್ ಅಂತ ಹಾಕಿದ್ದರು. ಟೈಮ್ ಆಫೀಸಿನವನು ಮೊದಲು ಒಪ್ಪಲಿಲ್ಲ. ಗೇಟ್ ರಿಜಿಸ್ಟರ್ ತರಿಸಿ ಅಂದೆ. ತರಿಸಿ ನೋಡಿದ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡ. ಆ ವ್ಯತ್ಯಾಸ ಮುಂದಿನ ತಿಂಗಳ ಪಗಾರದಲ್ಲಿ ಸೇರಿ ಬಂತು.