ಕುಮಟೆಯಿಂದ ತದಡಿಗೆ, ಇಳಿತ ನೋಡಿಕೊಂಡು

ಗೋಕರ್ಣಕ್ಕೆ ಹೋದವರು ಓಂ ಬೀಚ್, ಕುಡ್ಲೆ ನೋಡಿಕೊಂಡು ವಾಪಸ್ ಬರುತ್ತಾರೆ. ನಾನೂ ನಾಲ್ಕು ಸಲ ಹಾಗೇ ಮಾಡಿದ್ದೆ. ಅಘನಾಶಿನಿ ಹೊಳೆಯ ಈಚೆ, ಕುಮಟೆಯ ಕಡೆಗೆ, ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಬಾಡ, ಕಾಗಾಲ ಅಂತ ಒಂದರ ಪಕ್ಕ ಒಂದು ತೀರ ಇವೆ ಅನ್ನುವುದು ತಲೆಗೇ ಹೋಗಿರಲಿಲ್ಲ. (ಕುಡ್ಲೆ ಬೇರೆ, ಕಡ್ಲೆ ಬೇರೆ. ಆಟೋದವರಿಗೆ ಹೇಳುವಾಗ ಜೋಪಾನ.)

ಮೊದಲ ಸಲ ಹೊರಟಿದ್ದು ಮೇ ತಿಂಗಳಲ್ಲಿ, ಅಮಾವಾಸ್ಯೆಯ ಮಾರನೇ ದಿನ. ವನ್ನಳ್ಳಿಯಿಂದ ಒಂಬತ್ತಕ್ಕೆ ಆರಾಮಾಗಿ ನಡೆಯತೊಡಗಿದೆ. ಎರಡು ತೀರಗಳ ನಡುವೆ ಗುಡ್ಡದ ಮೂಗು ಕಡಲಿಗೆ ಚಾಚಿರುತ್ತದೆ. ಅದರ ಬುಡದ ಕಲ್ಲುಗಳ ಮೇಲೆ ದಾಟೋಣ ಅಂತ ಹೋದೆ. ಅರ್ಧ ದಾರಿಗೆ ನೀರು ಏರಿತು. ಹಿಂದೆಯೂ ನೀರು, ಮುಂದೆಯೂ ನೀರು. ಪಾಚಿಗೆ ಜಾರಿ ಮೊಣಕಾಲು ತರಚಿತು, ಫೋನ್ ಉಪ್ಪುನೀರು ಕುಡಿಯಿತು. ಹೇಗೋ ಮೇಲೆ ಹತ್ತಿ ಬಂದಾಗ, ಬಲೆ ಸರಿಮಾಡುತ್ತಿದ್ದ ಅಜ್ಜ ತಲೆ ಎತ್ತದೆಯೇ ಕೇಳಿದರು: "ಪಂಚಾಂಗ ನೋಡ್ಕಂಡ್ ಬರೂದಲ್ವಾ?"

ಅವರು ಹೇಳಿಕೊಟ್ಟ ಲೆಕ್ಕ ಸುಲಭದ್ದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಲು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಏರಿಳಿತದ ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಷ್ಟು ಗೊತ್ತಿದ್ದರೂ ಮೂಗಿನ ಬುಡದಲ್ಲಿ ಹೋಗಬಾರದು. ಊರವರು ನಡೆಯುವ ಕಾಲುದಾರಿ ಗುಡ್ಡದ ಮೇಲೇ ಇದೆ.

ಮುಂದಿನ ಜನವರಿಯಲ್ಲಿ ಅಷ್ಟಮಿ ನೋಡಿಯೇ ಹೋದೆ. ಬೆಳಿಗ್ಗೆ ಏಳಕ್ಕೆ ನೀರು ಹಿಂದೆ ಸರಿಯುತ್ತಿತ್ತು. ಒದ್ದೆ ಮರಳು ಗಟ್ಟಿ, ಕಾಲು ಹೂಳುವುದಿಲ್ಲ. ಬರಿಗಾಲಲ್ಲೇ ನಡೆದೆ. ಕಡ್ಲೆಯಲ್ಲಿ ಒಂದು ಕಡೆ ಸುಮ್ನೆ ಕೂತೆ. ಕಡಲೆಕಾಳಿಗಿಂತ ಚಿಕ್ಕ ಮರಳಿನ ಉಂಡೆಗಳು, ನೂರಾರು, ಒಂದೊಂದು ಬಿಲದ ಸುತ್ತ ರಂಗೋಲಿ ಚುಕ್ಕಿಯ ಹಾಗೆ. ಅಲ್ಲಾಡದೆ ಕೂತರೆ ಉಗುರಿನಷ್ಟು ಏಡಿ ಹೊರಬರುತ್ತದೆ. ಮರಳನ್ನು ಬಾಯಿಗಿಟ್ಟು, ತಿನ್ನುವುದನ್ನು ತಿಂದು, ಉಳಿದಿದ್ದನ್ನು ಉಂಡೆ ಮಾಡಿ ಬಿಸಾಕುತ್ತದೆ. ನೆರಳು ಬಿತ್ತೋ, ಮಾಯ. ಮುಕ್ಕಾಲು ಗಂಟೆ ಅಲ್ಲೇ ಹೋಯ್ತು.

ಬಾಡದಲ್ಲಿ ಊರಿನೊಳಗೆ ಹೋಗಿ ನೀರು ತುಂಬಿಸಿಕೊಂಡೆ, ಮರಳಿನ ಮೇಲೆ ಅಂಗಡಿ ಕಾಣಲಿಲ್ಲ. ಈಜಲು ಇಳಿಯಲಿಲ್ಲ. ಏನಾದರೂ ಆದರೆ ಕೂಗಿದರೂ ಕೇಳುವವರು ಯಾರೂ ಇರಲಿಲ್ಲ. ಕಾಗಾಲದ ಕಡೆ ಗಾಳಿಮರದ ನೆರಳಿದೆ, ಅವಲಕ್ಕಿ ತಿಂದಿದ್ದು ಅಲ್ಲೇ.

ಅಘನಾಶಿನಿ ಊರು ಮುಟ್ಟುವಾಗ ಒಂದು ಗಂಟೆ. ಅಣೆಕಟ್ಟಿಲ್ಲದ ಹೊಳೆ ಇದು, ಅಳಿವೆಯಲ್ಲಿ ಉಪ್ಪುನೀರು ಸಿಹಿನೀರು ಸೇರಿ ಬೆಳಚು ಅನ್ನುವ ಚಿಪ್ಪುಮೀನು ಚೆನ್ನಾಗಿ ಬೆಳೆಯುತ್ತದೆ. ಇಳಿತ ಮುಗಿದು ನೀರು ಮತ್ತೆ ಏರತೊಡಗಿತ್ತು. ಸೊಂಟದವರೆಗೆ ಒದ್ದೆಯಾದ ಹೆಂಗಸರು ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದರು. ಬೆಳಚು ಹೇಗೆ ಹುಡುಕುತ್ತೀರಿ ಅಂದೆ. ಒಬ್ಬರು ಪಾದ ಎತ್ತಿ ಹೆಬ್ಬೆರಳು ಅಲ್ಲಾಡಿಸಿ ತೋರಿಸಿದರು. ಕೆಸರಲ್ಲಿ ಕಣ್ಣಿಗೆ ಏನೂ ಕಾಣದು, ಹುಡುಕುವುದು ಕಾಲು.

ಹೊಳೆಯ ಆಚೆ ದಡದ ತದಡಿಗೆ ದೋಣಿ ಹತ್ತಿದೆ. ಪಕ್ಕದಲ್ಲಿ ಎರಡು ಬೈಕು, ಒಂದು ಬುಟ್ಟಿ ಬೆಳಚು. ದಾರಿಯುದ್ದಕ್ಕೂ ಬುಟ್ಟಿಯೊಳಗೆ ಚಿಪ್ಪುಗಳು ಟಿಕ್ ಟಿಕ್ ಅಂತ ಮುಚ್ಚಿಕೊಳ್ಳುತ್ತಿದ್ದವು.