ಶಿರಸಿಯಲ್ಲಿದ್ದುಕೊಂಡು ಸ್ಕೀ ಋತುವಿಗೆ ಸಿದ್ಧವಾಗುವುದು

ಕ್ರಾಸ್-ಕಂಟ್ರಿ ಸ್ಕೀಯಿಂಗ್, ಎಂದರೆ ಉದ್ದನೆಯ ಸ್ಕೀಗಳನ್ನು ಕಾಲಿಗೆ ಕಟ್ಟಿ ಕೋಲೂರಿಕೊಂಡು ಹಿಮದ ಮೇಲೆ ದೂರ ಸಾಗುವ ಆಟ, ಆಡುವವರಲ್ಲಿ ಹಲವರು ಸ್ಕೀಯ ತಳಕ್ಕೆ ವ್ಯಾಕ್ಸ್ (ಮೇಣ) ಹಚ್ಚುವುದನ್ನೂ ಮೈ ಪಳಗಿಸುವುದನ್ನೂ ಎರಡು ಬೇರೆ ಬೇರೆ ಕೆಲಸಗಳೆಂದು ಎಣಿಸುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ನಡೆದಂತೆ ಒಂದೊಂದೇ ಕಾಲನ್ನು ನೇರ ಮುಂದಕ್ಕೆ ಜಾರಿಸುವ ಕ್ಲಾಸಿಕ್ ಶೈಲಿಯ ಸ್ಕೀಯನ್ನು ಸಪಾಟಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿದರೆ ಅದರ ನಡುಭಾಗ ಕಮಾನಾಗಿ ಮೇಲೆದ್ದಿರುವುದು ಕಾಣುತ್ತದೆ. ಹಿಂದು ಮುಂದಿನ ಭಾಗಗಳಿಗೆ ಜಾರುವ ವ್ಯಾಕ್ಸ್, ಕಮಾನಿನ ಅಡಿಗೆ ಹಿಡಿತದ ವ್ಯಾಕ್ಸ್. ಎರಡೂ ಕಾಲುಗಳಿಗೆ ಭಾರ ಹಂಚಿಹೋಗಿರುವಾಗ ಕಮಾನು ಹಿಮವನ್ನು ಒತ್ತುವುದಿಲ್ಲ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒತ್ತಿದ ಆ ಒಂದು ಗಳಿಗೆಯಲ್ಲಿ ಮಾತ್ರ ಅದು ಕೆಳಗಿಳಿಯುತ್ತದೆ, ಹಿಮದ ಹರಳುಗಳು ವ್ಯಾಕ್ಸಿನೊಳಗೆ ಚುಚ್ಚಿಕೊಳ್ಳುತ್ತವೆ, ಸ್ಕೀ ಹಿಂದಕ್ಕೆ ಜಾರದೆ ನಿಲ್ಲುತ್ತದೆ. ಒತ್ತಲು ಬಾರದ ಕಾಲಿಗೆ ಎಷ್ಟೇ ದುಬಾರಿಯ ವ್ಯಾಕ್ಸ್ ಕೊಟ್ಟರೂ ವ್ಯರ್ಥ. ಹಾಗೆಯೇ, ಒತ್ತುವುದನ್ನು ಕಲಿಯಲು ಹಿಮವೇ ಬೇಕೆಂದೇನೂ ಇಲ್ಲ, ಮತ್ತು ನನ್ನ ಸಿದ್ಧತೆಯೆಲ್ಲ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ.

ನನ್ನದು ಶಿರಸಿ ಸಮೀಪದ ಹಳ್ಳಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಮನೆಯ ಕೆಳಗೆ ಅಡಿಕೆ ತೋಟ. ಸ್ಕೀ ಮಾಡಲು ಹೋಗುವುದು ಕಾಶ್ಮೀರದಲ್ಲಿ ಸುಮಾರು 2,650 ಮೀಟರ್ ಎತ್ತರದ ಗುಲ್‌ಮಾರ್ಗಿಗೆ. ಅಲ್ಲಿ ಹಿಮ ಬೀಳುವ ತಿಂಗಳುಗಳೇ ಇಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ತಿಂಗಳುಗಳೂ ಆಗಿರುವುದರಿಂದ, ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಯಾವ ವಾರ ಸಿಗುತ್ತಾನೆ ಎಂಬುದರ ಮೇಲೆ ನನ್ನ ಪ್ರಯಾಣದ ದಿನ ನಿರ್ಧಾರವಾಗುತ್ತದೆ. ದಕ್ಷಿಣದವರಿಗೆ ಈ ಆಟ ಹೊಂದುವುದೇ ಎಂದು ಕೇಳುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರನ್ನು ಹೇಳಿ ಸುಮ್ಮನಾಗುತ್ತೇನೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಕ್ರಾಸ್-ಕಂಟ್ರಿಯೂ ಸೇರುವ ನಾರ್ಡಿಕ್ ಸ್ಕೀಯಿಂಗ್‌ನ ಚಿನ್ನ ತಂದವರು ಅವರು.

ಮಳೆಗಾಲದಲ್ಲಿ ಸಾಮಾನು ಕಾಪಾಡುವುದೇ ದೊಡ್ಡ ಕೆಲಸ. ಋತು ಮುಗಿದು ಬಂದ ಕೂಡಲೇ ಸ್ಕೀಯ ತಳವನ್ನು ಶುಚಿಮಾಡಿ, ಮೆದುವಾದ ವ್ಯಾಕ್ಸನ್ನು ದಪ್ಪವಾಗಿ ಕರಗಿಸಿ ಹಚ್ಚಿ, ಕೆರೆಯದೆ ಹಾಗೆಯೇ ಬಿಡುತ್ತೇನೆ. ಗಾಳಿಗೆ ತಳ ಒಣಗಿ ಬಿಳಿಚಿಕೊಳ್ಳುವುದನ್ನು ಅದು ತಡೆಯುತ್ತದೆ. ಬೂಟುಗಳ ಪಾಡು ಕಷ್ಟ. ಜೂನ್ ಕಳೆಯುವುದರೊಳಗೆ ಒಳಪದರಕ್ಕೆ ಬೂಷ್ಟು ಹಿಡಿಯುತ್ತದೆ, ತೇವಕ್ಕೆ ಅಟ್ಟೆಯ ಅಂಟು ಬಿಡಲಾರಂಭಿಸುತ್ತದೆ. ಆದುದರಿಂದ ಅವನ್ನು ಬಚ್ಚಲ ಒಲೆಯಿಂದ ತುಸು ದೂರದಲ್ಲಿ, ಕಾವು ಮಾತ್ರ ತಾಗಿ ಹೊಗೆ ತಾಗದ ಕಡೆ ತೂಗುಹಾಕಿರುತ್ತೇನೆ. ಸ್ಕೀಗಳನ್ನು ಮಾತ್ರ ಒಲೆಯ ಬಳಿ ಸುಳಿಯಗೊಡುವುದಿಲ್ಲ, ಮಸಿ ಹಿಡಿದ ತಳ ಮತ್ತೆ ಶುಚಿಯಾಗುವುದು ಸುಲಭವಲ್ಲ.

ಹೊರಗೆ ಹೋಗಲಾಗದ ಆ ತಿಂಗಳುಗಳಲ್ಲಿ ಜಗಲಿಯ ಕಂಬಕ್ಕೆ ಹಳೆಯ ಸೈಕಲ್ ಟ್ಯೂಬುಗಳನ್ನು ಕಟ್ಟಿ, ಎರಡೂ ಕೋಲುಗಳನ್ನು ಒಟ್ಟಿಗೆ ಊರಿ ತಳ್ಳುವ ಚಲನೆಯನ್ನು ಎಳೆದು ಎಳೆದು ಮಾಡುತ್ತೇನೆ. ಇದರಲ್ಲಿ ಗಮನಿಸಬೇಕಾದುದು ತೋಳನ್ನಲ್ಲ, ಹೊಟ್ಟೆಯನ್ನು. ಮೊದಲು ಮೈಯೆಲ್ಲ ಮುಂದಕ್ಕೆ ಬಾಗಿ ಭಾರ ಬೀಳಬೇಕು, ತೋಳು ಕೊನೆಗೆ ಬರಬೇಕು. ಮಳೆ ತುಸು ಹೊಳವಾದೊಡನೆ ರಸ್ತೆಯ ಮೇಲೆ ಓಡುವ, ಗಾಲಿ ಹಾಕಿದ ರೋಲರ್ ಸ್ಕೀ ಹೊರಬರುತ್ತದೆ.

ರೋಲರ್ ಸ್ಕೀಯ ಬಗ್ಗೆ ನನಗೆ ಅಷ್ಟು ಪೂರ್ತಿಯಾದ ವಿಶ್ವಾಸವಿಲ್ಲ. ಕ್ಲಾಸಿಕ್ ರೋಲರ್ ಸ್ಕೀಯ ಗಾಲಿ ಮುಂದಕ್ಕೆ ಮಾತ್ರ ತಿರುಗುತ್ತದೆ, ಹಿಂದಕ್ಕೆ ತಿರುಗದಂತೆ ಒಳಗೆ ತಡೆ ಇರುತ್ತದೆ. ಎಂದರೆ ನೀವು ಹೇಗೆ ಒತ್ತಿದರೂ, ಎಷ್ಟು ತಡವಾಗಿ ಒತ್ತಿದರೂ ಅದು ಹಿಡಿದುಕೊಳ್ಳುತ್ತದೆ. ಹಿಮದ ಮೇಲೆ ಆ ಉದಾರತೆ ಇಲ್ಲ. ಕಾಲು ಹಿಂದಕ್ಕೆ ಹೋದ ಮೇಲೆ ಒತ್ತಿದರೆ ಕಮಾನು ಕೆಳಗಿಳಿಯುವುದಿಲ್ಲ, ಸ್ಕೀ ಜಾರಿಹೋಗುತ್ತದೆ. ವರ್ಷದ ಉದ್ದಕ್ಕೂ ಗಾಲಿಯ ಮೇಲೆಯೇ ಅಭ್ಯಾಸ ಮಾಡಿದವನು ಹಿಮಕ್ಕೆ ಹೋದ ಮೊದಲ ದಿನವೇ "ವ್ಯಾಕ್ಸ್ ಸರಿಯಿಲ್ಲ" ಎಂದು ದೂರುವುದರ ಹಿಂದಿನ ಕಾರಣ ಬಹಳ ಸಲ ಇದೇ.

ಈ ಕೊರತೆಯನ್ನು ತುಂಬಿಕೊಳ್ಳಲು ಸಾಧ್ಯವಾದಾಗಲೆಲ್ಲ ಕಾರವಾರಕ್ಕೆ ಇಳಿಯುತ್ತೇನೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನೀರು ಸರಿದು ಗಟ್ಟಿಯಾದ ಒದ್ದೆ ಮರಳಿನ ಪಟ್ಟಿ ಸಿಗುತ್ತದೆ. ಬರಿಗಾಲಿನಲ್ಲಿ, ಕೋಲು ಹಿಡಿದು, ಸ್ಕೀ ಹೆಜ್ಜೆಯನ್ನೇ ಅನುಕರಿಸಿ ದಾಪುಗಾಲು ಹಾಕಿ ಹೋಗಿ, ತಿರುಗಿ ಬಂದು ಹೆಜ್ಜೆಗುರುತುಗಳನ್ನು ನೋಡುತ್ತೇನೆ. ಅಂಗಾಲು ಸಮನಾಗಿ ಅಚ್ಚಾಗಿದ್ದರೆ ಒತ್ತಡ ನೇರ ಕೆಳಕ್ಕೆ ಬಿದ್ದಿದೆ. ಬೆರಳುಗಳ ಕಡೆ ಮಾತ್ರ ಗುಂಡಿ ಬಿದ್ದು, ಹಿಂದೆ ಮರಳು ಚೆದರಿದ್ದರೆ ಕಾಲು ತಡವಾಗಿ, ಹಿಮ್ಮುಖವಾಗಿ ತಳ್ಳಿದೆ. ಕ್ಯಾಮೆರಾದಲ್ಲಿ ಸೆರೆಹಿಡಿದು ನೋಡುವುದಕ್ಕಿಂತ ಇದು ನನಗೆ ಹೆಚ್ಚು ನಿಚ್ಚಳ. ದಣಿದ ಮೇಲೆ ಗುರುತುಗಳು ಹೇಗೆ ಬದಲಾಗುತ್ತವೆ ಎಂಬುದನ್ನೂ ಮರಳು ತೋರಿಸುತ್ತದೆ; ಗುಂಡಿ ಕಾಣಿಸಿಕೊಳ್ಳಲು ತೊಡಗಿದರೆ ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸುತ್ತೇನೆ.

ಗಾಲಿಯ ಅಭ್ಯಾಸಕ್ಕೆ ಬನವಾಸಿ ರಸ್ತೆಯ ಸಪಾಟು ಭಾಗ, ಬೆಳಕು ಹರಿಯುವ ಹೊತ್ತು. ಏರು ಬೇಕೆನಿಸಿದಾಗ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುತ್ತೇನೆ, ಹಿಂದೆ ಒಬ್ಬರು ಬೈಕಿನಲ್ಲಿ ದೀಪ ಹಾಕಿಕೊಂಡು ಬರುತ್ತಾರೆ. ಘಟ್ಟದ ಕೆಳಗಿನ ಚಹಾದಂಗಡಿಯವರು ಒಮ್ಮೆ ಗಾಲಿಗಳನ್ನು ತಿರುವಿ ನೋಡಿ, "ಇದಕ್ಕೆ ಬ್ರೇಕ್ ಎಲ್ಲುಂಟು ಮಾರಾಯ್ರೆ?" ಎಂದು ಕೇಳಿದ್ದರು. ಬಹುಪಾಲು ರೋಲರ್ ಸ್ಕೀಗಳಿಗೆ ಬ್ರೇಕ್ ಇಲ್ಲ, ಆದ್ದರಿಂದಲೇ ನಾನು ಘಟ್ಟವನ್ನು ಹತ್ತುವುದು ಮಾತ್ರ, ಇಳಿಯುವುದು ವಾಹನದಲ್ಲಿ. ಹೊಸಬರಿಗೆ ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಕೋಲಿನ ಉದ್ದಕ್ಕೂ ಒಂದು ಲೆಕ್ಕವಿದೆ: ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟವಾದ ಎಫ್‌ಐಎಸ್‌ನ ನಿಯಮದಂತೆ ಕ್ಲಾಸಿಕ್ ಸ್ಪರ್ಧೆಯಲ್ಲಿ ಕೋಲು ದೇಹದ ಎತ್ತರದ ಶೇ 83ನ್ನು ಮೀರಬಾರದು, ಅಭ್ಯಾಸದಲ್ಲಿಯೂ ಅದೇ ಅಳತೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಡಾಂಬರಿನ ಮೇಲೆ ಕೋಲಿನ ತುದಿ ಜಾರದಂತೆ ಕಾರ್ಬೈಡ್ ಮೊನೆ ಬೇಕು, ಅದನ್ನು ಆಗಾಗ ವಜ್ರದ ಅರದಿಂದ ಹರಿತಗೊಳಿಸಬೇಕು.

ಅಭ್ಯಾಸದ ಹೆಚ್ಚಿನ ಪಾಲು ಮಾತಾಡುತ್ತ ಹೋಗಬಹುದಾದಷ್ಟು ನಿಧಾನದ್ದು. ನವೆಂಬರಿನಿಂದ ಏರಿನ ಮೇಲೆ ನಾಲ್ಕು ನಿಮಿಷಗಳ ಬಿರುಸಿನ ಸುತ್ತುಗಳನ್ನು ಸೇರಿಸುತ್ತೇನೆ. ನಾರ್ವೆಯವರು ಬಳಕೆಗೆ ತಂದ ಕ್ರಮ ಇದು: ನಾಲ್ಕು ಸುತ್ತು, ಗರಿಷ್ಠ ಹೃದಯಬಡಿತದ ಶೇ 90ರಿಂದ 95ರಷ್ಟು, ನಡುವೆ ಮೂರು ನಿಮಿಷ ಹಗುರ ನಡಿಗೆ. ಆದರೆ ಕರಾವಳಿಯ ಸೆಕೆಯಲ್ಲಿ ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಲಾಗದು. ಬೆವರು ಆರದ ಗಾಳಿಯಲ್ಲಿ ಮೈಯನ್ನು ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ವೇಗ ಅಷ್ಟೇ ಇದ್ದರೂ ಬಡಿತ ಏರುತ್ತ ಹೋಗುತ್ತದೆ. ಆದ್ದರಿಂದ ಬಿರುಸಿನ ಸುತ್ತುಗಳೆಲ್ಲ ಶಿರಸಿಯ ಚಳಿಯ ಬೆಳಗಿಗೆ, ಕಾರವಾರಕ್ಕೆ ಹೆಜ್ಜೆಯ ಅಭ್ಯಾಸ ಮಾತ್ರ.

ಡಿಸೆಂಬರಿನಲ್ಲಿ ವ್ಯಾಕ್ಸಿನ ಕೆಲಸ ಮೊದಲಾಗುವುದು ಒಂದು ಹಾಳೆ ಕಾಗದದಿಂದ. ಮನೆಯ ರೆಡ್ ಆಕ್ಸೈಡ್ ನೆಲ ನುಣುಪಾಗಿರುವುದರಿಂದ ಅನುಕೂಲ. ಎರಡೂ ಸ್ಕೀಗಳ ಮೇಲೆ ಸಮಭಾರದಲ್ಲಿ ನಿಂತು, ಮಗಳಿಗೆ ನನ್ನ ಕಾಲಿನ ಕೆಳಗೆ ಕಾಗದ ತೂರಿಸಿ ಹಿಂದಕ್ಕೂ ಮುಂದಕ್ಕೂ ಸರಿಸಲು ಹೇಳುತ್ತೇನೆ. ಅದು ತಡೆಯುವ ಎರಡು ತುದಿಗಳಿಗೆ ಗುರುತು. ಆಮೇಲೆ ಒಂದೇ ಕಾಲಿಗೆ ಪೂರ್ತಿ ಭಾರ ಹಾಕಿದರೆ ಕಾಗದ ಅಲುಗಾಡದಂತೆ ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಳ್ಳದಿದ್ದರೆ ಸ್ಕೀ ನನ್ನ ತೂಕಕ್ಕೆ ಬಿರುಸಾಯಿತೆಂದು ಅರ್ಥ, ಆಗ ಯಾವ ವ್ಯಾಕ್ಸೂ ಕೈಹಿಡಿಯುವುದಿಲ್ಲ. ಆ ಎರಡು ಗುರುತುಗಳ ನಡುವಿನದು ಹಿಡಿತದ ಜಾಗ, ಉಳಿದುದು ಜಾರುವ ಜಾಗ. ಗುರುತನ್ನು ಅಳಿಸದ ಪೆನ್ನಿನಿಂದ ಸ್ಕೀಯ ಪಕ್ಕೆಯಲ್ಲಿ ಹಾಕುತ್ತೇನೆ.

ಜಾರುವ ವ್ಯಾಕ್ಸಿಗೆ ಬಟ್ಟೆಯ ಇಸ್ತ್ರಿ ಪೆಟ್ಟಿಗೆ ಸಾಕೆಂದು ಹೇಳುವವರಿದ್ದಾರೆ. ಅದರ ಕಾವು ಏರಿಳಿಯುತ್ತಿರುತ್ತದೆ, ತಳ ತೆಳು. ಸ್ಕೀಯ ತಳ ಪಾಲಿಎಥಿಲೀನ್. ಕಾವು ಹೆಚ್ಚಾದರೆ ಅದರ ಮೇಲ್ಮೈ ಸುಟ್ಟು ಮುಚ್ಚಿಹೋಗಿ ಮುಂದೆ ವ್ಯಾಕ್ಸನ್ನು ಹೀರುವುದೇ ಇಲ್ಲ. ಆದ್ದರಿಂದ ದಪ್ಪ ತಳದ, ಕಾವು ಸ್ಥಿರವಾಗಿರುವ ವ್ಯಾಕ್ಸ್ ಇಸ್ತ್ರಿಗೆ ಹಣ ಹಾಕುವುದು ಲೇಸು. ಮೆದು ವ್ಯಾಕ್ಸಿಗೆ ಸುಮಾರು 120 ಡಿಗ್ರಿ, ಗಟ್ಟಿ ವ್ಯಾಕ್ಸಿಗೆ ಅದಕ್ಕಿಂತ ಹೆಚ್ಚು, ಎಷ್ಟೆಂಬುದು ಪೊಟ್ಟಣದ ಮೇಲೆಯೇ ಇರುತ್ತದೆ. ಹೊಗೆ ಕಾಣಿಸಿದರೆ ಕಾವು ಮೀರಿತೆಂದೇ ಲೆಕ್ಕ. ಇಸ್ತ್ರಿಯನ್ನು ಮೂತಿಯಿಂದ ಹಿಂತುದಿಯವರೆಗೆ ಎಲ್ಲಿಯೂ ನಿಲ್ಲಿಸದೆ ಎಳೆಯಬೇಕು, ಅದರ ಹಿಂದೆ ಕರಗಿದ ವ್ಯಾಕ್ಸಿನ ಹೊಳೆಯುವ ಪಟ್ಟಿ ಒಂದು ಗೇಣಿಗಿಂತ ಕಡಿಮೆ ಇರಬೇಕು. ಪಟ್ಟಿ ಉದ್ದವಾದರೆ ಕೈ ನಿಧಾನ, ಇಲ್ಲವೆ ಕಾವು ಹೆಚ್ಚು.

ಆರಲು ಬಿಡುವುದರಲ್ಲಿ ಊರಿನ ಹವೆ ಅಡ್ಡಬರುತ್ತದೆ. ತಂಪು ನಾಡಿನ ಕೈಪಿಡಿಗಳು ಹೇಳುವ ಹೊತ್ತಿಗೆ ಕೆರೆಯಲು ಹೋದರೆ ಇಲ್ಲಿ ಮೆದು ವ್ಯಾಕ್ಸ್ ಇನ್ನೂ ಜಿಡ್ಡಾಗಿರುತ್ತದೆ. ನಾನು ರಾತ್ರಿ ಊಟವಾದ ಮೇಲೆ ಇಸ್ತ್ರಿ ಮಾಡಿ, ನಸುಕಿನಲ್ಲಿ ಅಂಗಳಕ್ಕೆ ತಂಪು ಇಳಿದಿರುವಾಗ ಕೆರೆಯುತ್ತೇನೆ. ಮೊದಲು ತಳದ ನಡುವಿನ ಉದ್ದ ಗೀರು, ನಂತರ ಪಕ್ಕೆಗಳು, ಕೊನೆಗೆ ತಳ. ಕೆರೆಯಲು ಬೇಕಾದ ಅಕ್ರಿಲಿಕ್ ಪಟ್ಟಿಯನ್ನು ನಾಮಫಲಕ ಮಾಡುವ ಅಂಗಡಿಯ ಉಳಿಕೆ ತುಂಡುಗಳಿಂದ ಕತ್ತರಿಸಿಕೊಂಡಿದ್ದೇನೆ, ಅಂಚು ಚೂಪಾಗಿದ್ದರೆ ಅದಕ್ಕೂ ಕೊಂಡದ್ದಕ್ಕೂ ವ್ಯತ್ಯಾಸವಿಲ್ಲ. ತಳದಲ್ಲಿ ಕಣ್ಣಿಗೆ ವ್ಯಾಕ್ಸ್ ಉಳಿದಂತೆ ಕಾಣಬಾರದು. ಉಳಿಯಬೇಕಾದುದು ಒಳಗೆ ಹೀರಿಕೊಂಡದ್ದು ಮಾತ್ರ. ಆಮೇಲೆ ಕಂಚಿನ ತಂತಿಯ ಬ್ರಷ್, ಕುದುರೆಕೂದಲಿನದು, ನೈಲಾನಿನದು, ಇದೇ ಅನುಕ್ರಮ. ಕೆರೆದ ಪುಡಿಯನ್ನು ಹಳೆಯ ಪತ್ರಿಕೆಯ ಮೇಲೆ ಹಿಡಿದು ಕಟ್ಟಿಡುತ್ತೇನೆ, ತೋಟಕ್ಕೆ ಹೋಗಗೊಡುವುದಿಲ್ಲ. ಯಾರಾದರೂ ಹಳೆಯ ಫ್ಲೋರಿನ್ ವ್ಯಾಕ್ಸನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ಬೇಡವೆನ್ನಬೇಕು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆತು ನಾಶವಾಗದೆ ಉಳಿಯುವ ಆ ರಾಸಾಯನಿಕಗಳನ್ನು ಎಫ್‌ಐಎಸ್ 2023–24ರ ಋತುವಿನಿಂದ ಸ್ಪರ್ಧೆಗಳಲ್ಲಿ ಪೂರ್ತಿಯಾಗಿ ನಿಷೇಧಿಸಿದೆ.

ಊರಿನಿಂದ ಹೊರಡುವಾಗ ಹಿಡಿತದ ಜಾಗ ಬರಿದಾಗಿಯೇ ಇರುತ್ತದೆ. ಕಾರವಾರದಿಂದ ದಿಲ್ಲಿಯವರೆಗೆ ಮಂಗಳಾ ಎಕ್ಸ್‌ಪ್ರೆಸ್, ಅಲ್ಲಿಂದ ಶ್ರೀನಗರಕ್ಕೆ ವಿಮಾನ. ವ್ಯಾಕ್ಸ್ ತೆಗೆಯುವ ದ್ರಾವಕ ಬೆಂಕಿ ಹತ್ತುವಂಥದು, ಅದನ್ನು ಒಯ್ಯುವಂತಿಲ್ಲ. ಕೆರೆಯುವ ಪಟ್ಟಿಯಲ್ಲಿಯೇ ನಿಭಾಯಿಸಬೇಕು. ಹಿಡಿತದ ವ್ಯಾಕ್ಸುಗಳಲ್ಲಿ ನನ್ನ ಚೀಲದಲ್ಲಿರುವುದು ಸ್ವಲ್ಪವೇ: ಕಡುಚಳಿಗೆ ಹಸಿರು, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿನ ಹಿಮಕ್ಕೆ ನೀಲಿ, ಸೊನ್ನೆಯ ಆಸುಪಾಸಿಗೆ ನೇರಳೆ, ಮತ್ತು ಒಂದು ಟ್ಯೂಬ್ ಕ್ಲಿಸ್ಟರ್. ಕ್ಲಿಸ್ಟರ್ ಎನ್ನುವುದು ಕರಗಿ ಮತ್ತೆ ಹೆಪ್ಪುಗಟ್ಟಿದ ಒರಟು ಹಿಮಕ್ಕೆ ಬಳಸುವ ಅಂಟು, ಹಲಸಿನ ಮೇಣದ ಹಾಗೆ ಮುಟ್ಟಿದ್ದನ್ನೆಲ್ಲ ಹಿಡಿಯುತ್ತದೆ, ಕೈಗೆ ಹತ್ತಿದರೆ ತೆಂಗಿನೆಣ್ಣೆಯಿಂದ ಬಿಡುತ್ತದೆ. ಅದನ್ನು ಬಿಟ್ಟುಹೋಗುವ ಹಾಗಿಲ್ಲ. 2024ರ ಜನವರಿಯಲ್ಲಿ ಗುಲ್‌ಮಾರ್ಗ್ ವಾರಗಟ್ಟಲೆ ಹಿಮವಿಲ್ಲದೆ ಬೋಳಾಗಿತ್ತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಕೂಟದ ಅಲ್ಲಿನ ಭಾಗವನ್ನು ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಮಾರ್ಚ್ ಎಂದರೆ ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಹಿಮ.

ಅಲ್ಲಿಗೆ ತಲುಪಿದ ಮೇಲೆ ಬೆಳಿಗ್ಗೆ ಮಾಡುವ ಮೊದಲ ಕೆಲಸವೆಂದರೆ ಥರ್ಮಾಮೀಟರನ್ನು ನೆರಳಿನ ಹಿಮದಲ್ಲಿ ಹೂಳುವುದು. ಗಾಳಿಯ ತಾಪ ಸೊನ್ನೆಯನ್ನು ದಾಟಬಹುದು, ಹಿಮದ್ದು ದಾಟುವುದಿಲ್ಲ. ಆ ಹೊತ್ತಿನಲ್ಲಿ ತಿಳಿಯಬೇಕಾದುದು ಅದು ಎಷ್ಟು ಒದ್ದೆಯಾಗಿದೆ ಎಂಬುದು. ಒಂದು ಹಿಡಿ ಹಿಮವನ್ನು ಕೈಗವಸಿನಲ್ಲಿ ಒತ್ತಿದಾಗ ಪುಡಿಯಾಗಿ ಉದುರಿದರೆ ನೀಲಿ ಅಥವಾ ಹಸಿರು, ಉಂಡೆ ಕಟ್ಟಿದರೆ ನೇರಳೆ, ಹರಳುಗಳು ಹಳೆಯದಾಗಿ ಉರುಟಾಗಿ ಗಟ್ಟಿಯಾಗಿದ್ದರೆ ಕ್ಲಿಸ್ಟರ್. ಹೊಸ ಹಿಮದ ಹರಳು ಚೂಪು, ಅದಕ್ಕೆ ಗಟ್ಟಿ ವ್ಯಾಕ್ಸ್ ಸಾಕು. ಮೆದುವಾದುದನ್ನು ಹಚ್ಚಿದರೆ ಹರಳು ಒಳಹೊಕ್ಕು ಹೊರಬರದೆ ಅಡಿಗೆ ಹಿಮ ಕಟ್ಟಿಕೊಳ್ಳುತ್ತದೆ. ಹಚ್ಚುವಾಗ ತೆಳು ಪದರ, ಬೆಂಡಿನಿಂದ ಉಜ್ಜಿ ನುಣುಪು ಮಾಡುವುದು, ಮತ್ತೊಂದು ತೆಳು ಪದರ, ಹೀಗೆ ಮೂರು ನಾಲ್ಕು. ಹತ್ತು ನಿಮಿಷ ಹೊರಗಿಟ್ಟು ತಣಿಸಿದ ಮೇಲೆಯೇ ಹೆಜ್ಜೆ.

ಸ್ಕೀ ಹಿಂದಕ್ಕೆ ಜಾರಿದರೆ ವ್ಯಾಕ್ಸಿನ ಡಬ್ಬಿಗೆ ಕೈಹಾಕುವ ಮೊದಲು ನಾನು ಕೋಲುಗಳನ್ನು ಕಂಕುಳಲ್ಲಿ ಇರಿಸಿಕೊಂಡು, ಕೋಲಿಲ್ಲದೆ ಸಣ್ಣ ಏರೊಂದನ್ನು ಹತ್ತಿ ನೋಡುತ್ತೇನೆ. ನಿಧಾನವಾಗಿ, ಒಂದೊಂದೇ ಕಾಲಿಗೆ ಪೂರ್ತಿ ಭಾರ ಕೊಟ್ಟು ಹತ್ತಿದಾಗ ಹಿಡಿದರೆ ವ್ಯಾಕ್ಸ್ ಸರಿಯಿದೆ, ತಪ್ಪು ಕಾಲಿನದು. ಆಗಲೂ ಜಾರಿದರೆ ಅದೇ ವ್ಯಾಕ್ಸನ್ನು ಇನ್ನೊಂದೆರಡು ಪದರ, ಆನಂತರ ಜಾಗವನ್ನು ಮುಂದಕ್ಕೆ ಬೆರಳಗಲ ವಿಸ್ತರಿಸುವುದು, ಕೊನೆಗಷ್ಟೇ ಒಂದು ಬಣ್ಣ ಮೆದುವಾದುದಕ್ಕೆ ಇಳಿಯುವುದು. ಮೆದುವಿನ ಮೇಲೆ ಗಟ್ಟಿಯದನ್ನು ಹಚ್ಚಲಾಗದು, ಆದ್ದರಿಂದ ಗಟ್ಟಿಯದರಿಂದಲೇ ಆರಂಭಿಸುವುದು ಕ್ಷೇಮ. ಎತ್ತರದ ತೆಳು ಗಾಳಿಗೆ ಮೈ ಒಗ್ಗುವವರೆಗೆ, ಮೊದಲ ಕೆಲವು ದಿನ, ಬಿರುಸಿನ ಸುತ್ತುಗಳು ಹೇಗೂ ಇಲ್ಲ. ಆ ದಿನಗಳು ಪೂರ್ತಿಯಾಗಿ ಈ ಕೋಲಿಲ್ಲದ ಏರಿಗೇ ಮೀಸಲು.